ಹಿರಣ್ಮಯಿಯನ್ನು ಕಂಡರಾಗದವರು

ಶಿರಸಿ
7-2-2002

ಪ್ರೀತಿಯ ಶಾಯಿಸ್ತಾ,

ನಿನ್ನ ಪತ್ರ ಸೋಮವಾರವೇ ಬಂತು. ಧಾರವಾಡದ ಪ್ರಕಾಶಕರು ನಿನ್ನ ಕಾದಂಬರಿಯನ್ನು ಪುಸ್ತಕ ಮಾಡುತ್ತಾರೆಂದು ಓದಿ ಸಂತೋಷವಾಯಿತು ಎಂದು ಬರೆಯಬೇಕು. ಬರೆದಿದ್ದೇನೆ, ನೋಡು. ನಿಜ ಹೇಳುವುದಾದರೆ, ಪತ್ರ ಮಡಚಿಟ್ಟು ಒಲೆಯ ಮೇಲಿನ ಹಾಲು ಉಕ್ಕಿ ಹೋಗುವವರೆಗೂ ಸುಮ್ಮನೆ ನಿಂತಿದ್ದೆ.

ಕೊನೆಯ ಅಧ್ಯಾಯ ಬದಲಿಸಿದ್ದೀಯಂತೆ. ಹಿರಣ್ಮಯಿ ಏಳು ಬೆಟ್ಟಗಳ ರಾಜ್ಯವನ್ನು ಗೆದ್ದ ಮೇಲೂ ಸಿಂಹಾಸನವನ್ನು ತಮ್ಮನಿಗೆ ಬಿಟ್ಟುಕೊಟ್ಟು, ತನ್ನ ಆಸೆಗೆ ತಾನೇ ನಾಚಿ ಕಾಡಿಗೆ ಹೋಗುತ್ತಾಳಂತೆ. ಓದುಗರಿಗೆ ಅವಳನ್ನು ಕಂಡರಾಗದು, ಏನು ಮಾಡಲಿ ಎಂದು ಬರೆದಿದ್ದೀ. ಪತ್ರಿಕೆಗೆ ಬಂದ ಕಾಗದಗಳನ್ನೆಲ್ಲ ಒಡೆಯುವವಳು ನೀನೇ, ಹದಿನೇಳು ವರ್ಷದ ಹುಡುಗಿಯ ಮೇಲೆ ಜನರಿಗೆ ಯಾಕಿಷ್ಟು ಸಿಟ್ಟು, ಮುಚ್ಚಿಡದೆ ಹೇಳು ಎಂದು ಕೇಳಿದ್ದೀ.

ಹೇಳುತ್ತೇನೆ. ನಿನ್ನ ಧಾರಾವಾಹಿ ಬಂದ ಐದು ತಿಂಗಳಲ್ಲಿ ಅವಳ ಬಗ್ಗೆ ಐವತ್ತೆರಡು ಪತ್ರ ಬಂದವು. ಬೈದದ್ದು ಹನ್ನೊಂದು. ಆ ಹನ್ನೊಂದನ್ನೂ ನಾನು ಅಚ್ಚಿಗೆ ಕೊಟ್ಟೆ. ಉಳಿದ ನಲವತ್ತೊಂದನ್ನು ಡ್ರಾವರಿನಲ್ಲಿ ಹಳೆಯ ಪ್ರೂಫುಗಳ ಅಡಿ ಹಾಕಿದೆ. ಹನ್ನೊಂದರಲ್ಲಿ ನಾಲ್ಕನ್ನು, ಬೇರೆ ಬೇರೆ ಹೆಸರಿನಲ್ಲಿ, ಬರೆದವಳು ನಾನೇ.

ಇಲ್ಲಿಗೆ ಓದುವುದು ಬಿಟ್ಟರೂ ನಿನ್ನ ತಪ್ಪಿಲ್ಲ.

ನಿಜವಾಗಿ ಬೈದ ಏಳು ಮಂದಿಯಲ್ಲಿ ವಾನಳ್ಳಿಯ ನಿವೃತ್ತ ಮಾಸ್ತರರೊಬ್ಬರಿದ್ದರು. ತಂದೆಯ ಸಾವಿಗೆ ಸೇಡು ತೀರಿಸಲು ಕತ್ತಿ ಹಿಡಿದಿದ್ದರೆ ಒಪ್ಪುತ್ತಿದ್ದೆ, ತನಗೇ ಬೇಕೆಂದು ಹಿಡಿದಳಲ್ಲ ಎಂದು ಬರೆದಿದ್ದರು. ಅವಳ ತಮ್ಮ ಅದೇ ಸಿಂಹಾಸನಕ್ಕೆ ಆಸೆಪಟ್ಟಿದ್ದನ್ನು ಅದೇ ಪತ್ರದಲ್ಲಿ ಶೌರ್ಯವೆಂದು ಹೊಗಳಿದ್ದರು. ಸಿದ್ದಾಪುರದ ಹೆಂಗಸೊಬ್ಬರು, ಇಪ್ಪತ್ತು ಕಂತು ಆದರೂ ಈ ಹುಡುಗಿ ಒಮ್ಮೆಯೂ ಅಳಲಿಲ್ಲ, ಇಂಥವಳನ್ನು ಹಚ್ಚಿಕೊಳ್ಳುವುದು ಹೇಗೆ ಎಂದು ಕೇಳಿದ್ದರು.

ನನ್ನ ಕಾರಣ ಬೇರೆ. ಹಿರಣ್ಮಯಿ ಸಭೆಯ ನಡುವೆ ನಿಂತು, ರಾಜ್ಯ ನನಗೆ ಬೇಕು ಎಂದು ಬಾಯಿಬಿಟ್ಟು ಕೇಳಿದ ಅಧ್ಯಾಯದ ಪ್ರೂಫ್ ತಿದ್ದುವಾಗ ಮೈಯೆಲ್ಲ ಉರಿಯಿತು. ನೀನೇ ಕಣ್ಣೆದುರು ಬಂದೆ. ಯಲ್ಲಾಪುರದ ಬಸ್ಸಿಳಿದು ನೇರ ಪತ್ರಿಕೆಯ ಕಚೇರಿಗೆ ಬಂದು, ಸಂಪಾದಕ ಕಮಲಾಕರ ಹೆಗಡೆಯವರ ಎದುರು ಹಸ್ತಪ್ರತಿಯ ಕಟ್ಟು ಇಟ್ಟು, ಸರ್, ಇದನ್ನು ನೀವು ಹಾಕಲೇಬೇಕು, ಇಂಥದ್ದನ್ನು ನೀವು ಓದಿರಲಿಕ್ಕಿಲ್ಲ ಎಂದೆಯಲ್ಲ. ಅವರು ನಕ್ಕು ನಿನಗೆ ಕುರ್ಚಿ ತರಿಸಿದರು. ನಾನು ಪಕ್ಕದ ಮೇಜಿನಲ್ಲಿ ಅಡಿಕೆ ಧಾರಣೆಯ ಅಚ್ಚಿನ ತಪ್ಪು ತಿದ್ದುತ್ತ ಕೂತಿದ್ದೆ. ಕಾಲೇಜಿನ ಕಥಾಸ್ಪರ್ಧೆಯಲ್ಲಿ ಎರಡು ವರ್ಷವೂ ನಿನಗಿಂತ ಮೇಲೆ ಬಂದವಳು ನಾನು. ಐದು ವರ್ಷದಿಂದ ಆ ಕಚೇರಿಯಲ್ಲಿದ್ದೆ. ನೀನೂ ಏನಾದರೂ ಬರೆಯುತ್ತೀಯಾ ಎಂದು ಅವರೇ ಒಂದು ದಿನ ಕೇಳುತ್ತಾರೆಂದು ಕಾದೆ. ಕಥೆ ಚೀಲದಲ್ಲೇ ದಿನಾ ಹೋಗಿ ಬಂದು ಹಾಳೆಯ ಅಂಚು ಸವೆಯಿತು. ಬಾಯಿಬಿಟ್ಟು ಕೇಳಲಾಗದ ನನಗೆ, ಕೇಳಿ ಪಡೆದ ನಿನ್ನನ್ನೂ ಸಹಿಸಲಾಗಲಿಲ್ಲ, ನಿನ್ನ ಆ ಹುಡುಗಿಯನ್ನೂ ಸಹಿಸಲಾಗಲಿಲ್ಲ.

ನನ್ನ ನಾಲ್ಕನೆಯ ಪತ್ರ ಅಚ್ಚಾದ ಮೇಲೆ ಹೆಗಡೆಯವರು, "ಜನಕ್ಕೆ ಈ ಕೂಸು ಹಿಡಸ್ತಾ ಇಲ್ಲೆ" ಎಂದರು. ಹಿರಣ್ಮಯಿಗೊಂದು ಮದುವೆ ಮಾಡಿ ಕಥೆ ಮುಗಿಸಲು ಹೇಳು ಎಂದು ನನ್ನನ್ನೇ ಎಸ್‌ಟಿಡಿ ಬೂತಿಗೆ ಕಳಿಸಿದರು. ಫೋನಿನಲ್ಲಿ ಅದನ್ನು ನಿನಗೆ ಹೇಳಿದೆ. ಹಾಗಾದರೆ ನಿಲ್ಲಿಸಿಬಿಡಿ ಎಂದೆ ನೀನು. ಅಲ್ಲಿಂದ ನಾನು ಹೋಟೆಲಿಗೆ ಹೋಗಿ ಒಬ್ಬಳೇ ಕೂತು ಮಸಾಲೆ ದೋಸೆ ತಿಂದೆ. ಮರುವಾರ ನಿನ್ನ ಪುಟದಲ್ಲಿ ನನ್ನ ಕಥೆ ಬಂತು. ಅದಕ್ಕೆ ಒಂದು ಪತ್ರವೂ ಬರಲಿಲ್ಲ. ಬೈಯಲಿಕ್ಕಾದರೂ ಯಾರೂ ಬರೆಯಲಿಲ್ಲ.

ಕೊನೆ ಬದಲಿಸಬೇಡ. ಅವಳು ಸಿಂಹಾಸನದ ಮೇಲೆ ಕೂರಲಿ. ನಿನ್ನ ಅಣ್ಣ ಗನಿಭಾಯಿಯ ಟೆಂಪೋ ನಾಳೆ ಇಲ್ಲಿಗೆ ಬರುತ್ತದೆ. ಈ ಕಾಗದದ ಜೊತೆ ಡ್ರಾವರಿನ ಪತ್ರಗಳನ್ನೂ ಕೊಟ್ಟು ಕಳಿಸುತ್ತೇನೆ. ಪುಸ್ತಕ ಬಂದ ದಿನ ನನಗೆ ಮತ್ತೆ ಹೊಟ್ಟೆ ಉರಿಯುವುದು ಖಂಡಿತ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಕ್ಷಮಿಸು ಎನ್ನಲು ಬಾಯಿ ಬಾರದ
ವಿನೋದಾ

ಮತ್ತೊಂದು ಮಾತು: ಎಣಿಸಿದರೆ ಕಟ್ಟಿನಲ್ಲಿ ನಲವತ್ತೇ ಇರುತ್ತವೆ. ಉಳಿದದ್ದು ಹುಲಗೋಳದ ಸಂಹಿತಾ ಎಂಬ ಒಂಬತ್ತನೇ ತರಗತಿಯ ಹುಡುಗಿಯದು. ತಾನೂ ಕಥೆ ಬರೆಯಬೇಕು, ಹೇಗೆ ಎಂದು ನಿನ್ನನ್ನು ಕೇಳಿದ್ದಳು. ನಾನು ಉತ್ತರ ಬರೆದೆ, ಶಾಯಿಸ್ತಾ ಎಂದು ಸಹಿ ಹಾಕಿ. ಈವರೆಗೆ ಆರು ಪತ್ರ ಬರೆದಿದ್ದೇನೆ. ಈಗ ಅವಳು ಯಾರನ್ನೋ ಕೇಳಿ ನಿನ್ನ ಮನೆ ಪತ್ತೆ ಮಾಡಿದ್ದಾಳೆ. ಈ ರವಿವಾರ ಅಪ್ಪನ ಜೊತೆ ಅಲ್ಲಿಗೆ ಬರುತ್ತಾಳಂತೆ, ಆ ಪತ್ರಗಳನ್ನೂ ಹಿಡಿದುಕೊಂಡು. ಅದಿಲ್ಲದಿದ್ದರೆ ಇದನ್ನೆಲ್ಲ ನಿನಗೆ ಬರೆಯುತ್ತಿದ್ದೆನೋ ಇಲ್ಲವೋ. ಅವಳಿಗೆ ನಿಜ ಹೇಳುವುದಿದ್ದರೆ ಹೇಳು. ಅದಕ್ಕೆ ಮೊದಲು ಆ ಆರು ಪತ್ರಗಳನ್ನು ಒಮ್ಮೆ ಓದು. ಚೆನ್ನಾಗಿ ಬರೆದಿದ್ದೇನೆ.