ತೊಟ್ಟಿಯಲ್ಲಿ ಮೂರು ದಿನ

ನಾಲ್ಕನೇ ಸುತ್ತಿನ ಇಪ್ಪತ್ತೊಂಬತ್ತನೇ ವರ್ಷ, ಬಾಣಂತಿಗಾಲ ಕಳೆದ ಎರಡನೇ ಗುರುವಾರ. ಹಳೆಯ ಲೆಕ್ಕ ಬಲ್ಲವರಿಗೆ ಇಸವಿ 2217.
ಒಂಬತ್ತು ಕುದ್ರು, ಮೂಡುಮರಳು.

ಮುಂದಿನ ಸುತ್ತಿನಲ್ಲಿ ಮರಳು ಕಾಯುವವರೇ,

ನೀವು ಯಾರ ಮಕ್ಕಳೋ, ಹೆಸರೇನೋ, ನನಗೆ ತಿಳಿಯದು. ಈ ಕಾಗದ ನಿಮ್ಮ ಕೈಗೆ ಬರುವಾಗ ಮೂವತ್ತು ವರ್ಷ ಕಳೆದಿರುತ್ತದೆ, ನಾನಂತೂ ಇರುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಬಹುದು, ಕೆಲವು ಅರ್ಥವೇ ಆಗದಿರಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳಿ ಬದುಕಿದವನು ನಾನು, ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳುವಾಗ ಎದುರಿಗೆ ಕೂತವರ ಮುಖ ನೋಡಿಕೊಂಡು ಕತೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಕಾಗದಕ್ಕೆ ಮುಖವಿಲ್ಲ. ಎಲ್ಲಾದರೂ ಎಳೆದರೆ ಸಹಿಸಿಕೊಳ್ಳಿ.

ನಮ್ಮ ಲೆಕ್ಕವನ್ನು ಮೊದಲು ಹೇಳುತ್ತೇನೆ. ಒಂದು ಸುತ್ತು ಎಂದರೆ ಮೂವತ್ತು ವರ್ಷ. ಕಡಲಾಮೆಯ ಹೆಣ್ಣುಮರಿ ಮೊಟ್ಟೆಯೊಡೆದು ನೀರಿಗಿಳಿದರೆ, ಬೆಳೆದು ಅದೇ ಮರಳಿಗೆ ತಾನು ಮೊಟ್ಟೆಯಿಡಲು ಬರುವುದಕ್ಕೆ ಅಷ್ಟು ಕಾಲ ಬೇಕು. ಹಿಂದೆ ಕಡಲು ಒಳಗೆ ಬಂದು ಕರಾವಳಿಯ ಕೇರಿಗಳು ಮುಳುಗಿದಾಗ ನಮ್ಮ ಹಿರಿಯರು ದೋಣಿ ಕಟ್ಟಿಕೊಂಡು ಇಲ್ಲಿಗೆ ಬಂದರಂತೆ. ಒಂಬತ್ತು ಸಣ್ಣ ದ್ವೀಪ. ಊರಿನ ಹೊಳೆಗಳ ನಡುವಿನ ನೆಲಕ್ಕೆ ಕುದ್ರು ಅನ್ನುತ್ತಿದ್ದವರು ಇದಕ್ಕೂ ಅದೇ ಹೆಸರಿಟ್ಟರು. ಬಾವುಟ ಹಾರಿಸಿ ದೇಶ ಅಂದರು. ಆರು ಸಾವಿರ ಜನರ ದೇಶ. ಬಂದ ಮೊದಲ ವರ್ಷವೇ ಅವರು ನೋಡಿದ್ದು, ಆಮೆಗಳು ಎಲ್ಲೆಲ್ಲಿಂದಲೋ ಈಜಿ ಬಂದು ತಾವು ಹುಟ್ಟಿದ ಮರಳಿನಲ್ಲೇ ಮೊಟ್ಟೆಯಿಡುತ್ತಿದ್ದವು. ತವರು ಕಳೆದುಕೊಂಡು ಬಂದ ನಮ್ಮ ಅಜ್ಜಿಯಂದಿರಿಗೆ ಅದು ಎಷ್ಟು ತಾಗಿರಬೇಕು ನೋಡಿ. ಹೆರಿಗೆಗೆ ತವರಿಗೆ ಬಂದ ಮಗಳು ಅಂದರು. ಆಮೆ ಬರುವ ನಾಲ್ಕು ತಿಂಗಳಿಗೆ ಬಾಣಂತಿಗಾಲ ಎಂದು ಹೆಸರಾಯಿತು. ಈಗಿನ ಕಾದ ಮರಳಿನಲ್ಲಿ ಹುಟ್ಟುವ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ, ಹಾಗಾಗಿ ಮಗಳು ಅಂದಿದ್ದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು ಆಮೇಲೆ.

ಇಲ್ಲಿ ಗದ್ದೆಯಿಲ್ಲ, ಸಿಹಿನೀರಿನ ಬಾವಿಯಿಲ್ಲ. ಕಡಲ ನೀರನ್ನು ಸೋಸುವ ಮನೆಯ ಮುಂದೆ ಬೆಳಿಗ್ಗೆ ಕೊಡ ಸಾಲಾಗಿಟ್ಟು, ತಲೆಗೆ ಎರಡು ಕೊಡ ನೀರು ತರುತ್ತೇವೆ. ತೆಂಗು, ಮೀನು, ಒಣಗಿಸಿದ ಹಲಸು. ಮಿಕ್ಕಿದ್ದೆಲ್ಲ ಹಡಗಿನಲ್ಲೇ ಬರಬೇಕು. ಹಡಗು ಬರಬೇಕಾದರೆ ಅದರಲ್ಲಿ ನೆಂಟರಿರಬೇಕು. ನಿಮ್ಮ ಕಾಲದಲ್ಲಿ ಏನನ್ನುತ್ತೀರೋ, ನಾವು ಪ್ರವಾಸಿಗರಿಗೆ ನೆಂಟರು ಎನ್ನುತ್ತೇವೆ. ಅಕ್ಕಿ, ಶಾಲೆಯ ಪುಸ್ತಕ, ವೈದ್ಯರು, ಎಲ್ಲವೂ ಶುಕ್ರವಾರದ ನೆಂಟರ ಹಡಗಿನ ಬೆನ್ನಿಗೇ ಬರುವುದು. ನನ್ನ ಅಕ್ಕ ದೇವಕ್ಕನ ಉಬ್ಬಸದ ಮದ್ದೂ ಅದರಲ್ಲೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಐವತ್ತೆಂಟು ವರ್ಷದ ಹಿಂದೆ, ಇಪ್ಪತ್ತರ ದೇವಕ್ಕ ಒಂದು ಪದ್ಧತಿ ಹುಟ್ಟಿಸಿದಳು. ಮರಿಗಳು ಮರಳಿನಿಂದ ಎದ್ದ ಕೂಡಲೇ ನೀರಿಗೆ ಓಡುವುದನ್ನು ನೋಡಿ ಅವಳಿಗೆ ಸಂಕಟವಾಯಿತಂತೆ. ಮನೆಯ ಹೆಣ್ಣುಮಗುವನ್ನು ಉಪವಾಸ ಕಳಿಸುವುದುಂಟೇ? ಅವಳು ಸಿಮೆಂಟಿನ ತೊಟ್ಟಿಗಳಲ್ಲಿ ಕಡಲ ನೀರು ತುಂಬಿಸಿ, ಮರಿಗಳನ್ನು ಅದರಲ್ಲಿ ಬಿಟ್ಟು, ಮೀನು ಅರೆದು ಉಣಿಸಿ, ಮೂರು ದಿನ ಸಾಕಿ, ಚಿಪ್ಪಿಗೆ ಅರಿಶಿನದ ಬೊಟ್ಟಿಟ್ಟು, ಹಾಡು ಹೇಳಿ ನೀರಿಗೆ ಬಿಟ್ಟಳು. ಅದನ್ನು ನೋಡಿದ ನೆಂಟರೊಬ್ಬರು ಅತ್ತರು. ಮರುವರ್ಷ ನಲವತ್ತು ಜನ ಬಂದರು, ಅದರ ಮರುವರ್ಷ ಮುನ್ನೂರು. ಮರಿ ಎದ್ದದ್ದು ಯಾವ ದಿನವಾದರೇನು, ಶುಕ್ರವಾರದವರೆಗೆ ತೊಟ್ಟಿಯಲ್ಲಿರಲಿ ಎಂದಾಯಿತು. ಒಬ್ಬೊಬ್ಬ ನೆಂಟರ ಕೈಗೆ ತೆಂಗಿನ ಚಿಪ್ಪಿನಲ್ಲಿ ಒಂದೊಂದು ಮರಿ. ನಾನು ದಿಬ್ಬದ ಮೇಲೆ ನಿಂತು ತವರಿಗೆ ಬರುವ ಮಗಳ ಕತೆ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಕತೆ ಮುಗಿದಾಗ ಜನ ಅಳದಿದ್ದರೆ ಅಂದು ನನಗೆ ಊಟ ಸೇರುತ್ತಿರಲಿಲ್ಲ.

ಇಪ್ಪತ್ತೈದು ವರ್ಷ ಏನೂ ತಿಳಿಯಲಿಲ್ಲ. ಪದ್ಧತಿಗಿಂತ ಮೊದಲು ಹುಟ್ಟಿದ ಹಳೆಯ ಆಮೆಗಳು ಬರುತ್ತಲೇ ಇದ್ದವು. ಆಮೇಲೆ ಮರಳಿನ ಮೇಲಿನ ಜಾಡು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ನಾವು ಮೀನುಬಲೆಯನ್ನು ಬೈದೆವು, ನೀರಿನ ಬಿಸಿಯನ್ನು ಬೈದೆವು, ಪಕ್ಕದ ಕುದ್ರುವಿನವರು ದೀಪ ಉರಿಸುತ್ತಾರೆಂದು ಅವರನ್ನು ಬೈದೆವು. ಅವೆಲ್ಲವೂ ಸ್ವಲ್ಪ ಸ್ವಲ್ಪ ನಿಜವೇ ಆಗಿದ್ದುದರಿಂದ ನಮ್ಮನ್ನು ನಾವು ನೋಡಿಕೊಳ್ಳುವ ಅಗತ್ಯ ಬರಲಿಲ್ಲ.

ಎರಡು ವರ್ಷದ ಹಿಂದೆ ಶಾಲೆಯ ನಸೀಮಾ ಟೀಚರ್ ಅಕ್ಕನನ್ನೂ ನನ್ನನ್ನೂ ಅಲೆ ತಡೆಯುವ ಕಲ್ಲುಕಟ್ಟೆಯೊಳಗಿನ ತಿಳಿನೀರಿಗೆ ಕರೆದುಕೊಂಡು ಹೋದಳು. ಅವಳ ಹತ್ತಿರ ಎರಡು ಮರಿಗಳಿದ್ದವು, ಒಂದು ಆ ಬೆಳಿಗ್ಗೆ ಎದ್ದದ್ದು, ಇನ್ನೊಂದು ಅಕ್ಕನ ತೊಟ್ಟಿಯದು. ಮರಿ ಹುಟ್ಟುವಾಗಲೇ ಹೊಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡೇ ಬರುತ್ತದಂತೆ. ಆಳದ ಕಡಲು ಮುಟ್ಟುವ ತನಕ ನಿಲ್ಲದೆ ಈಜುವ ಹುರುಪು ಅದಕ್ಕೆ ಎರಡು ಮೂರು ದಿನ ಮಾತ್ರವಂತೆ. ಅವಳು ಎರಡನ್ನೂ ನೀರಿಗೆ ಬಿಟ್ಟಳು. ಬೆಳಿಗ್ಗೆಯದು ತಲೆಯೆತ್ತದೆ ನೇರ ಹೋಗಿ ಆಚೆ ದಡಕ್ಕೆ ಮೂತಿ ತಾಗಿಸಿತು. ಅಕ್ಕನದು ನಾಲ್ಕು ಮಾರು ಹೋಗಿ ತಿರುಗಿತು, ಮತ್ತೆ ತಿರುಗಿತು. ಅಷ್ಟು ಅಗಲದ ನೀರಿನಲ್ಲಿ ಅದು ಸರಿಯಾಗಿ ತೊಟ್ಟಿಯ ಅಳತೆಗೆ ಸುತ್ತು ಹೊಡೆಯುತ್ತಿತ್ತು. ಆಮೇಲೆ ಸುಮ್ಮನೆ ತೇಲಿತು.

ಮನೆಯ ದಾರಿಯಲ್ಲಿ ಅಕ್ಕ ಒಮ್ಮೆ ನಿಂತಳು. "ಹೊಟ್ಟೆ ತುಂಬ್ಸಿ ಕಳಿಸ್ತೀವಿ ಅಂದ್ಕೊಂಡು ಕೈಕಾಲು ಸೋಲ್ಸಿ ಕಳಿಸಿದ್ವಲ್ಲೋ, ತಮ್ಮಾ," ಅಂದಳು. ಮುಂದೆ ಮನೆಯವರೆಗೂ ಉಬ್ಬಸಪಡುತ್ತಲೇ ನಡೆದಳು.

ಕಳೆದ ವರ್ಷ ಒಂದೇ ಒಂದು ಆಮೆ ಬಂತು. ನೂರ ಹನ್ನೆರಡು ಮೊಟ್ಟೆ. ಊರಿನ ಮುಖಂಡ, ಗುರಿಕಾರ ಶಂಕ್ರ ಕೆಟ್ಟವನಲ್ಲ. ಮುನ್ನೂರು ನೆಂಟರಿಗೆ ಬನ್ನಿ ಎಂದಾಗಿದೆ, ಈ ಒಂದು ಸಲ ನಡೆದುಹೋಗಲಿ, ಮುಂದಿನ ವರ್ಷ ನಿಲ್ಲಿಸೋಣ ಎಂದ. ಹಡಗಿನವರು ಮುನಿಸಿಕೊಂಡರೆ ಮದ್ದು ಎಲ್ಲಿಂದ ಬರುತ್ತದೆ ಎಂದೂ ಕೇಳಿದ. ಹಾಗೆ ಕೇಳುವಾಗ ಅವನು ನೋಡಿದ್ದು ಅಕ್ಕನನ್ನೇ. ಕೂಟದಲ್ಲಿ ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಇದನ್ನು ಬರೆಯಲೇಬೇಕು, ಬರೆದೆ.

ಮಂಗಳವಾರ ಬೆಳಕು ಹರಿಯುವಾಗ ಮರಳು ಕುದಿದ ಹಾಗೆ ಅಲುಗಿ ಮರಿಗಳು ಎದ್ದವು. ಬುಟ್ಟಿ ಹಿಡಿದು ನಾವೆಲ್ಲ ಹೋಗುವಷ್ಟರಲ್ಲಿ ಅಕ್ಕ ಆರು ತೊಟ್ಟಿಗಳನ್ನೂ ಒಂದೊಂದಾಗಿ ಕವುಚಿ ಹಾಕಿದ್ದಳು. ಎಪ್ಪತ್ತೇಳರ ಮುದುಕಿ, ಹೇಗೆ ಉರುಳಿಸಿದಳೋ ದೇವರಿಗೇ ಗೊತ್ತು. ಕೊನೆಯದರ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಮರಿಗಳು ಅವಳ ಕಾಲಿನ ಎರಡೂ ಪಕ್ಕದಿಂದ ಹರಿದು ನೀರಿಗೆ ಹೋಗುತ್ತಿದ್ದವು. ಶಂಕ್ರ ಏನೋ ಹೇಳಲು ಬಾಯಿ ತೆರೆದ. ಅವಳೇ ಮೊದಲು ಮಾತಾಡಿದಳು.

"ಶಂಕ್ರಾ, ನಿನ್ನ ಹೆಂಡ್ತಿ ಹೆರುವಾಗ ಮುನ್ನೂರು ಜನರನ್ನ ಕರ್ದು ಕೂರ್ಸಿದ್ಯಾ?"

ಯಾರೋ ಹಿಂದಿನಿಂದ ನಕ್ಕರು. ಶಂಕ್ರನೂ ನಗಬೇಕಾಯಿತು. ಅಷ್ಟರಲ್ಲಿ ಮರಿಗಳು ಹೋಗಿಯಾಗಿತ್ತು. ಟೀಚರ್ ಒಡೆದ ಮೊಟ್ಟೆಯ ಚಿಪ್ಪುಗಳನ್ನು ಎಣಿಸಿದಳು, ತೊಂಬತ್ತೇಳು.

ಶುಕ್ರವಾರ ಹಡಗು ಬಂತು. ನಾನು ದಿಬ್ಬ ಹತ್ತಿ ನಿಂತೆ. ಐವತ್ತು ವರ್ಷ ಹೇಳಿದ ಕತೆ ಬಾಯಿಗೆ ಬಂತು, ಹೇಳಲಾಗಲಿಲ್ಲ. ನಿಮಗೆ ತೋರಿಸಲು ಏನೂ ಉಳಿಸಿಲ್ಲ ಎಂದೆ. ಅಕ್ಕ ಹಗ್ಗ ಕಟ್ಟಿ ಕಾದಿದ್ದ ಒಣ ಮರಳಿನಲ್ಲಿ ಪುಟ್ಟ ಜಾಡುಗಳು ಅಲ್ಲಲ್ಲಿ ಉಳಿದಿದ್ದವು, ಅವನ್ನು ತೋರಿಸಿದೆ. ಕೆಲವರು ಬಗ್ಗಿ ನೋಡಿದರು. ಹೆಚ್ಚಿನವರು ಇದಕ್ಕಾಗಿ ಇಷ್ಟು ದೂರ ಬಂದೆವೇ ಎಂದು ಗೊಣಗಿದರು. ಅವರ ಸಿಟ್ಟು ನ್ಯಾಯವೇ. ಬನ್ನಿ ಎಂದು ಕರೆದವರು ನಾವು.

ಈಗಿನ ವ್ಯವಸ್ಥೆ ಹೀಗಿದೆ. ಬಾಣಂತಿಗಾಲದಲ್ಲಿ ಐದು ಕುದ್ರುಗಳ ಮರಳಿಗೆ ಯಾರೂ ಕಾಲಿಡುವಂತಿಲ್ಲ, ನಾವೂ ಸಹ. ಉಳಿದ ನಾಲ್ಕಕ್ಕೆ, ಉಳಿದ ತಿಂಗಳಲ್ಲಿ, ನೆಂಟರು ಬರಬಹುದು. ಬರುತ್ತಾರೆ, ಇಪ್ಪತ್ತು, ಮೂವತ್ತು ಜನ. ವಾರಕ್ಕೊಮ್ಮೆ ಬರುತ್ತಿದ್ದ ಹಡಗು ಎರಡು ತಿಂಗಳಿಗೊಮ್ಮೆ ಬರುತ್ತದೆ. ಅಕ್ಕ ಒಂದು ಗುಳಿಗೆಯನ್ನು ಎರಡು ತುಂಡು ಮಾಡಿ ನುಂಗುತ್ತಾಳೆ. ನಾವು ಸರಿಯಾದದ್ದನ್ನು ಮಾಡಿದೆವು ಎಂದು ಎದೆ ತಟ್ಟಿ ಹೇಳುವ ಶಕ್ತಿ ನನಗಿಲ್ಲ. ಶಾಲೆಗೆ ಹೊಸ ಪುಸ್ತಕ ಬಂದಿಲ್ಲ. ಮೂರು ಮನೆಯವರು ದ್ವೀಪ ಬಿಟ್ಟು ಹೋದರು. ಈ ವರ್ಷ ಒಂದು ಆಮೆಯೂ ಬರಲಿಲ್ಲ. ಸಾಕಾಗಿದೆ, ಮಕ್ಕಳೇ. ತಪ್ಪು ಮಾಡುವುದಕ್ಕೆ ಮೂರು ದಿನ ಸಾಕಿತ್ತು, ಅದು ತಪ್ಪೆಂದು ಗೊತ್ತಾಗುವುದಕ್ಕೆ ಹೆಚ್ಚುಕಡಿಮೆ ಎರಡು ಸುತ್ತು ಬೇಕಾಯಿತು. ತಿದ್ದಿಕೊಂಡದ್ದು ಸರಿಯಾಯಿತೇ ಎಂದು ತಿಳಿಯುವುದಕ್ಕೆ ಇನ್ನೊಂದು ಸುತ್ತು. ಅದು ನಮ್ಮ ಪಾಲಿಗಿಲ್ಲ.

ಟೀಚರ್ ಹೇಳುವಂತೆ ಸಾವಿರ ಮರಿಯಲ್ಲಿ ಒಂದು ಬದುಕಿ ಬಂದರೆ ಹೆಚ್ಚು. ನಾವು ಬಿಟ್ಟಿದ್ದು ತೊಂಬತ್ತೇಳು. ಅಕ್ಕನಿಗೂ ಇದು ಗೊತ್ತು. ಆದರೂ ದಿನವೂ ಸಂಜೆ ಮರಳಿಗೆ ಹೋಗಿ ಕೂರುತ್ತಾಳೆ, ಈಗಲೂ ಅಲ್ಲೇ ಇದ್ದಾಳೆ. ಈ ಕಾಗದ ಬರೆ ಎಂದವಳೂ ಅವಳೇ. ಕತೆ ಉದ್ದ ಮಾಡಬೇಡ ಎಂದೂ ಹೇಳಿದ್ದಾಳೆ.

ಅವಳ ಪರವಾಗಿ ಕೇಳುತ್ತೇನೆ. ನಿಮ್ಮ ಸುತ್ತಿನಲ್ಲಿ ಯಾವಳಾದರೂ ಮರಳೇರಿ ಬಂದರೆ, ಅವಳು ಯಾವ ದಡದಲ್ಲಿ ಹುಟ್ಟಿದವಳು ಎಂದು ವಿಚಾರಿಸಬೇಡಿ, ನಮ್ಮವಳೇ ಎಂದುಕೊಳ್ಳಿ. ದೀಪ ತರಬೇಡಿ, ಅರಿಶಿನ ತರಬೇಡಿ, ಹಾಡಬೇಡಿ. ಮರಿಗಳು ಹೊರಟು ನಿಂತಾಗ ಇನ್ನೊಂದು ದಿನ ಇದ್ದು ಹೋಗಿ ಎನ್ನಬೇಡಿ. ಹಾಗೆ ಅನ್ನಿಸುತ್ತದೆ, ಅನ್ನಿಸದೆ ಇರುವುದಿಲ್ಲ. ನಮಗೂ ಹಾಗೇ ಮೊದಲಾದದ್ದು.

ಯಾರೂ ಬಾರದೇ ಹೋದರೆ, ಅಕ್ಕನನ್ನು ಬೈಯಬೇಡಿ.

ತೊಟ್ಟಿಗಳು ಮರಳಿನಲ್ಲಿ ಕವುಚಿದ ಹಾಗೆಯೇ ಇವೆ. ಕೂರುವುದಕ್ಕೆ ಚೆನ್ನಾಗಿವೆ, ಅಕ್ಕ ಕೂತು ಕೂತು ಒಂದನ್ನು ನುಣುಪು ಮಾಡಿದ್ದಾಳೆ. ನೀವೂ ಕೂತು ಕಾಯಿರಿ. ಅಂಗಾತ ಮಾತ್ರ ಮಾಡಬೇಡಿ.

ಇಂತಿ,
ಮೂಡುಮರಳಿನ ಪುರ್ಸಯ್ಯ