ನಾ ಮುಟ್ಟಿದ ಕಲ್ಲೇಶ್ವರ

ನವೆಂಬರ್ 4, ಸೋಮವಾರ. ಕುರುಗೋಡು

ಕಾರ್ತಿಕದ ಮೊದಲ ಸೋಮವಾರ. ಕಲ್ಲೇಶ್ವರನ ಅಭಿಷೇಕ ಮುಗಿಯೋದ್ರಾಗ ಬೆನ್ನು ಬಿದ್ದುಹೋತು. ಬಿಲ್ವಪತ್ರಿ ಕಡಿಮಿ ಬಿದ್ದವು. ಅಪ್ಪ ಎಂದಿನಂಗ ಗರ್ಭಗುಡಿ ಹೊಸ್ತಿಲ ಹೊರಗ, ಕುರ್ಚಿ ಮ್ಯಾಲೆ. ಲಕ್ವಾ ಹೊಡೆದು ಬಲಗೈ ಹೋದಾಗಿಂದ ಅದೇ ಅವನ ಜಾಗ. ಮಂತ್ರದಾಗ ಎಡವಿದ್ರ ಅಲ್ಲಿಂದಲೇ ಕೆಮ್ಮತಾನ. ಇವತ್ತು ಒಂದು ಸಲನೂ ಕೆಮ್ಮಲಿಲ್ಲ!

ನಾ ರೂಪನಗುಡಿಯ ಗಂಡನ ಮನಿ ಬಿಟ್ಟು ಬಂದ ವರ್ಷವೇ ಅಪ್ಪಗ ಹಂಗಾಗಿದ್ದು. ನನ್ನ ಕೈ ಹಿಡಿದು ಒಳಗ ಕರಕೊಂಡು ಹೋದವ ಅವನೇ. ನಾನೇ ಅಂಜಿದ್ದೆ.

"ಹೆಣ್ಣುಮಗಳು ಲಿಂಗ ಮುಟ್ಟಬಹುದೇನಪ್ಪ?"

"ಪಾರ್ವತಿ ಮುಟ್ಟಿಲ್ಲೇನು? ಶಿವಗ ಗಂಡು-ಹೆಣ್ಣು ಇಲ್ಲವ್ವ. ನೀರು ಹಾಕು."

ಎಂಟು ವರ್ಷ ಆತು. ದಿನಾ ನೀರು ಹಾಕ್ತಾನೇ ಅದೀನಿ. ಮುಟ್ಟಾದ ದಿನಗಳಲ್ಲಿ ಮಾತ್ರ ಅಪ್ಪನೇ ಎಡಗೈಲೆ ಒಂದು ಹೂ ಏರಿಸ್ತಾನ.

ತೀರ್ಥಕ್ಕ ಹೊನ್ನೂರಮ್ಮತ್ತಿ ಮೊದಲು. ಎದುರು ಮನಿಯಾಕಿ. "ನಿನ್ನ ಕೈಯಾಗಿಂದು ಕುಡದ್ರನ ನನಗ ಸಮಾಧಾನ" ಅಂದಳು. ದಿನಾ ಅನ್ನೋದೇ. ಆದ್ರೂ ಖುಷಿ.

ನವೆಂಬರ್ 9, ಶನಿವಾರ

ಸಿರುಗುಪ್ಪದಿಂದ ಗವಿಸಿದ್ದೇಶ ಬಂದಾನ. ಚಿಕ್ಕಪ್ಪನ ಮಗ. ಅಲ್ಲಿ ರೈಸ್ ಮಿಲ್ಲಿನಾಗ ಕೆಲಸ. ಇದೇ ಕಡೇ ಸೋಮವಾರ ಗುಡಿ ಹೊಸ ಗೋಪುರಕ್ಕ ಕಳಸ ಏರಿಸೋದೈತಿ. ಕೈಗೊಬ್ಬ ಆಗ್ತಾನ ಅಂತ ಅಪ್ಪನೇ ಕರೆಸಿದ್ದು.

"ಅವಂಗ ಪೂಜಿ ಕಲಿಸು ಗಂಗಾ."

ಕಲಿಸಿದೆ. ಪಾಪ, ವಿಭೂತಿ ಹಚ್ಚಿಕೊಳ್ಳಾಕೂ ಬರಲ್ಲ. ಹಾಲಾದ ಮ್ಯಾಲೆ ಮೊಸರು, ಆಮ್ಯಾಲೆ ತುಪ್ಪ ಅಂತ ಹೇಳಿ ಹೇಳಿ ನಕ್ಕು ನಕ್ಕು ಸಾಕಾತು. "ಅಕ್ಕ, ಇದನ್ನೆಲ್ಲ ಹೆಂಗ ನೆನಪಿಟ್ಟಿ ನೀ!" ಅಂದ. ಚಾ ಮಾಡಿಕೊಟ್ಟೆ. ತಮ್ಮ ಇದ್ದಿದ್ರ ಹಿಂಗ ಇರ್ತಿದ್ದೇನೋ ಅನಿಸ್ತು.

ನವೆಂಬರ್ 13, ಬುಧವಾರ. ಸಂಜಿ

ಬರಿಯಾಕ ಮನಸಿಲ್ಲ. ಬರಿಬೇಕು.

ಗುಡಿಯಾಗ ಕಮಿಟಿ ಮೀಟಿಂಗ್. ಗಂಡಸರು ನಡುವೆ, ನಾವು ಹೆಣ್ಣುಮಕ್ಕಳು ಗ್ವಾಡಿಗೆ ಒರಗಿ. ಅಧ್ಯಕ್ಷ ಚಿದಾನಂದಪ್ಪನವರು ಎದ್ದು, ಏನೂ ಗೊತ್ತಿಲ್ಲದವರಂಗ, ಅಪ್ಪನ್ನ ಕೇಳಿದ್ರು — "ಹಾಲಸಿದ್ದಪ್ಪ, ಕಳಸಕ್ಕ ಹೊರಗಿನ ಶಾಸ್ತ್ರಿಗಳು ಬರ್ತಾರ. ಇಲ್ಲಿ ಹೆಣ್ಣುಮಗಳು ಲಿಂಗ ಮುಟ್ಟತಾಳಂತ ಅವರ ಕಿವಿಗೆ ಬಿದ್ದೈತಿ. ಖರೇ ಏನು?"

ಅಪ್ಪನ ಮಾರಿ ನೋಡ್ದೆ. ಪಾರ್ವತಿ ಮಾತು ಹೇಳ್ತಾನ, ಈಗ ಹೇಳ್ತಾನ…

"ಇಲ್ರಿ. ಆಕಿ ಕಸ ಹೊಡಿತಾಳ, ಹೂ ತಂದು ಕೊಡ್ತಾಳ. ಒಳಗ ಯಾವತ್ತೂ ಕಾಲಿಟ್ಟಿಲ್ಲ. ಪೂಜಿ ನಾನೇ ಎಡಗೈಲೆ ಮಾಡ್ತೀನಿ. ಇನ್ನ ಮುಂದ ಗವಿಸಿದ್ದೇಶ ಮಾಡ್ತಾನ."

ಗವಿಸಿದ್ದೇಶ ತಲಿ ತಗ್ಗಿಸಿದ. ತನ್ನನ್ನ ಯಾಕ ಕರೆಸ್ಯಾರಂತ ಅವಂಗ ಗೊತ್ತಿತ್ತು. ನಾ ಚಾ ಮಾಡಿಕೊಟ್ಟ ದಿನಾನೂ ಗೊತ್ತಿತ್ತು.

ಹೊನ್ನೂರಮ್ಮತ್ತಿ ನನ್ನ ಪಕ್ಕದಾಗೇ. ಸೆರಗು ಸರಿ ಮಾಡಿಕೊಂಡಳು, ಅಷ್ಟೇ. ಹೊರಗ ಬಂದ ಮ್ಯಾಲೆ — "ಎಲ್ಲಾರೂ ಸುಮ್ನಿದ್ರವ್ವ. ನಾನೊಬ್ಬಾಕಿ ಹೆಂಗ ಬಾಯಿ ಬಿಡ್ಲಿ?"

ನವೆಂಬರ್ 14

ಅಪ್ಪಗ ಸ್ನಾನ ಮಾಡಿಸ್ತಾ ಕೇಳಿದೆ. ಬೆನ್ನಿಗೆ ಸೋಪು ಹಚ್ಚತಿದ್ದೆ, ಮಾರಿ ಕಾಣ್ತಿರಲಿಲ್ಲ. ಅದಕ್ಕೇ ಕೇಳಾಕ ಆತು.

"ಯಾಕಪ್ಪ?"

"ಹೌದು ಅಂದಿದ್ರ ಪೂಜಿ ಬ್ಯಾರೇಯವರ ಪಾಲು ಆಗ್ತಿತ್ತು. ಮನೆತನದಾಗ ಉಳೀಬೇಕಲ್ಲವ್ವ."

"ನಾ ಮನೆತನದಾಕಿ ಅಲ್ಲೇನು?"

"ನೀರು ಹಾಕು, ಚಳಿ ಆಗ್ತೈತಿ."

ಹಾಕಿದೆ. ಮೈ ಒರೆಸಿ, ಧೋತ್ರ ಉಡಿಸಿ, ರೊಟ್ಟಿ ಮುರಿದು ಹಾಲಿನಾಗ ನೆನೆಸಿ ಕೊಟ್ಟೆ. ಆಮ್ಯಾಲೆ ಚೀಲ ತುಂಬಿದೆ. ಗವಿಸಿದ್ದೇಶ ಅದಾನಲ್ಲ, ಅವನೇ ನೋಡ್ಲಿ.

ನವೆಂಬರ್ 20. ಬಳ್ಳಾರಿ, ಸತ್ಯನಾರಾಯಣಪೇಟೆ

ಒಡಹುಟ್ಟಿದ ಸರೋಜಕ್ಕನ ಮನಿ. ಮಾಡಾಕ ಏನೂ ಕೆಲಸ ಇಲ್ಲ. ಅಕ್ಕ ಒಂದೇ ಸಮನೆ — "ಬಿಡ, ಹೋಗ್ಲಿ. ಗಂಡಸರಿಗೇ ಬಿಟ್ಟಿದ್ದು ಅದು. ನಿನಗ್ಯಾಕ ಬೇಕಿತ್ತು?"

ನನಗ ಬೇಕು ಅಂತ ನಾ ಕೇಳಿದ್ನೇನು? ಕೊಟ್ಟವ ಅವನು. ಕೊಟ್ಟ ಮ್ಯಾಲೆ ನನಗ ಅದು ಬೇಕಾತು. ಇದು ಅಕ್ಕಗ ತಿಳಿಯಾಂಗಿಲ್ಲ.

ಮಧ್ಯಾಹ್ನ ಅಪ್ಪನ ಫೋನು. ಗವಿಸಿದ್ದೇಶಗ ಮಿಲ್ಲಿನಾಗ ರಜಾ ಸಿಗಲ್ಲಂತ, ಸೋಮವಾರ ಅಷ್ಟೇ ಬರ್ತಾನಂತ. "ಉಳಿದ ದಿನ ನೀನೇ ಮಾಡು. ಬಾಗಿಲು ಮುಂದ ಮಾಡ್ಕೊಂಡು ಮಾಡು. ಯಾರಿಗೂ ಗೊತ್ತಾಗಲ್ಲ."

ದೇವರ ಮುಂದ ಕಳ್ಳಿ ಹಂಗ!

"ಎಲ್ಲರ ಮುಂದ ಹೇಳು ಅಪ್ಪ. ಬರ್ತೀನಿ" ಅಂದೆ. ಫೋನು ಇಟ್ಟ.

ನವೆಂಬರ್ 24, ಭಾನುವಾರ

ಕುರುಗೋಡಿಗೆ ಹೋಗಿ ಬಂದೆ. ಅಕ್ಕಗ ಹೇಳಲಿಲ್ಲ.

ಗುಡಿ ಮುಂದ ಚಪ್ಪರ. ಕಮಿಟಿಯವರು, ಶಾಸ್ತ್ರಿಗಳು, ಅಪ್ಪ — ಎಲ್ಲರೂ ಇದ್ರು. ಗಂಡಸರ ನಡುವೆ ಹೋಗಿ ನಿಂತೆ. ಹೇಳಿದೆ.

"ಚಿದಾನಂದಪ್ಪನವರ, ಎಂಟು ವರ್ಷ ಪೂಜಿ ಮಾಡಿದಾಕಿ ನಾನು. ಅಪ್ಪನೇ ಕಲಿಸಿದ್ದು. ಹೊನ್ನೂರಮ್ಮತ್ತಿ ದಿನಾ ನನ್ನ ಕೈಲೆ ತೀರ್ಥ ತಗೊಂಡಾಳ, ಕೇಳ್ರಿ."

ಹೊನ್ನೂರಮ್ಮತ್ತಿ ರಂಗೋಲಿ ಹಾಕ್ತಿದ್ದಳು. ತಲಿ ಎತ್ತಲಿಲ್ಲ.

ಚಿದಾನಂದಪ್ಪನವರು ಅಪ್ಪನ ಕಡೆ ತಿರುಗಿದ್ರು. ಇನ್ನೊಂದು ಸಲ ಕೇಳಿದ್ರು, ಮೆತ್ತಗೇ ಕೇಳಿದ್ರು. ಹೌದು ಅನ್ನಬಹುದಿತ್ತು.

"ಗಂಡನ ಮನಿ ಬಿಟ್ಟು ಬಂದಾಗಿಂದ ಆಕಿ ತಲಿ ನೆಟ್ಟಗಿಲ್ರಿ. ಏನೇನೋ ಮಾತಾಡ್ತಾಳ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಗಂಡ ಹೊಡೀತಾನಂತ ಗೊತ್ತಾಗಿ, ರೂಪನಗುಡಿಗೆ ತಾನೇ ಬಂದು ನನ್ನ ಟ್ರಂಕು ಹೊತ್ತವನ ಬಾಯಿ ಅದು.

ಯಾರೋ ಅಯ್ಯೋ ಪಾಪ ಅಂದ್ರು. ಬೈದಿದ್ರ ತಡಕೊಳ್ತಿದ್ದೆ.

ಶಾಸ್ತ್ರಿಗಳು ಅಂದ್ರು — "ಮುಟ್ಟಿರಲಿ, ಬಿಡಲಿ, ಸಂಶಯ ಬಂತಲ್ಲ. ನಾಳೆ ಕಳಸಕ್ಕ ಮೊದಲು ಶುದ್ಧಿ ಆಗಬೇಕು." ಅಪ್ಪ ಹ್ಞೂಂ ಅಂದ.

ಬಸ್ಸಿನಾಗ ಅಳು ಬರಲಿಲ್ಲ. ಈಗಲೂ ಬರವಲ್ದು.

ನವೆಂಬರ್ 25, ಸೋಮವಾರ. ಸಂಜಿ

ಹೊನ್ನೂರಮ್ಮತ್ತಿ ಫೋನ್ ಮಾಡಿದ್ದಳು. ಪಿಸುಮಾತಿನಾಗ. ಗರ್ಭಗುಡಿ ಪೂರ್ತಿ ತೊಳೆದ್ರಂತ. ಲಿಂಗಕ್ಕ ಗೋಮೂತ್ರ, ಆಮ್ಯಾಲೆ ಕೊಡಗಟ್ಟಲೆ ನೀರು. ಮೊದಲ ಕೊಡ ಅಪ್ಪನೇ ಸುರಿದನಂತ, ಗವಿಸಿದ್ದೇಶ ಕೈ ಹಿಡಕೊಂಡಿದ್ದನಂತ. "ನನ್ನ ಮ್ಯಾಲೆ ಸಿಟ್ಟಾಗಬ್ಯಾಡವ್ವ" ಅಂದಳು. ಫೋನು ಇಟ್ಟೆ.

ಈಗ ಅಪ್ಪನ ಫೋನು. ಎರಡು ಸಲ ಬಿಟ್ಟೆ, ಮೂರನೇ ಸಲ ಎತ್ತಿದೆ.

"ಗಂಗಾ… ಎಲ್ಲಾ ಮುಗೀತವ್ವ. ಕಳಸ ಏರಿತು. ಇನ್ನ ಮನಿಗೆ ಬಾ. ಗವಿಸಿದ್ದೇಶಗ ಸ್ನಾನ ಮಾಡಿಸಾಕ ಬರಲ್ಲ. ನೀ ಹೋದಾಗಿಂದ ಸರಿಯಾಗಿ ಸ್ನಾನ ಇಲ್ಲ, ಮೈ ತುರಸ್ತೈತಿ."

ದನಿ ನಡಗತಿತ್ತು. ಖರೇನೇ ನಡಗತಿತ್ತು. ಹೋಗಿಬಿಡ್ಲೇನು ಅನಿಸ್ತು, ಸುಳ್ಳು ಯಾಕ ಬರೀಲಿ.

ಅಂದೆ — "ನಾ ಮುಟ್ಟಿದ ಕಲ್ಲು ತೊಳೆದ್ರಿ. ಎಂಟು ವರ್ಷ ದಿನಾ ನಿನ್ನ ಮೈನೂ ನಾನೇ ಮುಟ್ಟೀನಲ್ಲಪ್ಪ. ಅದನ್ನ ಯಾರ ಕೈಲೆ ತೊಳಸ್ತಿ?"

ಫೋನ್ ಇಡಲಿಲ್ಲ ಅವ. ನಾನೂ ಇಡಲಿಲ್ಲ. "ಗಂಗವ್ವ" ಅಂದ, ಸಣ್ಣಾಕಿದ್ದಾಗ ಕರೀತಿದ್ದಂಗ, ಆಮ್ಯಾಲೆ ಫೋನು ಇಟ್ಟ. ನಾ ಚೀಲ ತುಂಬಲಿಲ್ಲ.