ಹಿತ್ತಲಿನ ಗುಂಡಿ ಮುಚ್ಚಬೇಡಿ

ಬಿ.ಟಿ.ಎಂ. ಲೇಔಟ್
ಅಕ್ಟೋಬರ್ 2004

ಮಾಲೀಕರಾದ ಬೈರಣ್ಣನವರಿಗೆ,

ನಿಮ್ಮ ಹಿತ್ತಲ ಮನೆಯ ಬಾಡಿಗೆದಾರಳು ಮುರಿಗೆವ್ವ ಮಾಡುವ ನಮಸ್ಕಾರಗಳು.

ಹಿತ್ತಲಿನ ಗೊಬ್ಬರದ ಗುಂಡಿ ಮುಚ್ಚಿಸಲು ಭಾನುವಾರ ಆಳು ಕರೆತನ್ನಿ ಎಂದು ನಿಮ್ಮ ಮನೆಯವರಾದ ಬೈರಮ್ಮನವರು ತಲಘಟ್ಟಪುರದ ತೋಟದಲ್ಲಿರುವ ನಿಮಗೆ ಫೋನ್ ಮಾಡಿದ್ದರಲ್ಲ, ದಯವಿಟ್ಟು ಕರೆತರಬೇಡಿ.

ಯುವಕ ಸಂಘದ ಸೌಮ್ಯ ನಮ್ಮ ಬೀದಿಯ ಹುಡುಗರಿಗೆ ಈ ಗುಂಡಿಯಲ್ಲಿ ಗೊಬ್ಬರ ಮಾಡಿ ಮಾರುವುದನ್ನು ಕಲಿಸುತ್ತಿದ್ದಾಳೆ. ಆಯುಧಪೂಜೆಯ ಮರುದಿನ ಅವರು ರಸ್ತೆಯಲ್ಲಿ ಒಡೆದು ಬಿದ್ದಿದ್ದ ಬೂದುಗುಂಬಳಗಳನ್ನೆಲ್ಲ ಕುಂಕುಮದ ಸಮೇತ ಗುಡಿಸಿ ಗುಂಡಿಗೆ ತಂದರು.

"ಊರವರ ದೃಷ್ಟಿನೆಲ್ಲ ನನ್ ಮನೆಗೆ ತಂದು ಸುರೀತೀರಾ?" ಎಂದರು ಬೈರಮ್ಮನವರು.

"ಆಂಟಿ, ದೃಷ್ಟಿನೂ ಕೊಳೆತು ಗೊಬ್ಬರ ಆಗುತ್ತೆ ಬಿಡಿ," ಎಂದ ಆ ಹುಡುಗರಲ್ಲೊಬ್ಬನಾದ ರಘು. ಆಗಲೇ ಬೈರಮ್ಮನವರು ಸಿಟ್ಟಿನಲ್ಲಿ ನಿಮಗೆ ಫೋನ್ ಮಾಡಿದ್ದು.

ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿಲ್ಲ, ನಮ್ಮಲ್ಲಿ ಹಬ್ಬವಿರಲಿಲ್ಲ. "ನನ್ನ ಬಾಗಿಲ ಮುಂದ ಹಾಕ್ಲಿ ಬಿಡ್ರಿ ಅಕ್ಕಾರ. ನನಗಿನ್ನ್ಯಾವ ದೃಷ್ಟಿ ತಾಗಬೇಕು?" ಎಂದೆ.

"ಹಂಗೆಲ್ಲ ಅನ್ಬಾರ್ದು," ಎಂದು ಅವರು ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ಮೊದಲು ನನಗೆ, ಆಮೇಲೆ ಹುಡುಗರಿಗೆಲ್ಲ ನಿವಾಳಿಸಿದರು. ಅದನ್ನು ಗುಂಡಿಗೇ ಹಾಕಹೊರಟಾಗ ಸೌಮ್ಯ ಓಡಿಬಂದು ಕೈ ಹಿಡಿದಳು. "ಅಯ್ಯೋ, ಉಪ್ಪು ಬೇಡಮ್ಮ, ಎರೆಹುಳ ಸತ್ತೋಗ್ತವೆ!"

ಎಲ್ಲರೂ ನಕ್ಕರು. ಬೈರಮ್ಮನವರೂ ನಕ್ಕರು. ಬಹಳ ದಿನಗಳ ಮೇಲೆ ನಾನೂ ನಕ್ಕೆ.

ಈಗ ಗುಂಡಿ ಇರಲಿ ಎಂದು ನಿಮಗೆ ಹೇಳಲು ಅವರಿಗೆ ಸಂಕೋಚ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಭಾನುವಾರ ಆಳುಗಳ ಬದಲು ಎರಡು ಚೀಲ ಸಗಣಿ ತನ್ನಿ. ಹುಡುಗರ ಮೊದಲ ಗೊಬ್ಬರವನ್ನು ನಿಮ್ಮ ಮನೆಯವರೇ ಗುಲಾಬಿ ಗಿಡಗಳಿಗೆ ಕೊಳ್ಳುತ್ತಾರಂತೆ. ಗೊಬ್ಬರದ ಚೀಲ ಹೊಲಿಯುವುದನ್ನು ಹುಡುಗರು ನನಗೆ ಒಪ್ಪಿಸಿದ್ದಾರೆ. ಗುಂಡಿ ಇದ್ದರೆ ನನ್ನ ಮಧ್ಯಾಹ್ನಗಳೂ ಸಾಗುತ್ತವೆ.

ಇತಿ ನಿಮ್ಮ
ಮುರಿಗೆವ್ವ